ನಿಂತ ಕಾರಿಗೆ ಗೀರು ಬಿದ್ದಾಗ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಕಳೆದ ಚಳಿಗಾಲದಲ್ಲಿ ಒಂದು ಶನಿವಾರ, ಸಂಜೆ ಏಳರ ಹೊತ್ತಿಗೆ, ಹಾಸನದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ನಮ್ಮ ಬ್ಯೋಬ್ಲಿಂಗನ್‌ಗೆ ಬಂದು ಅವನಿಗೆ ಮೂರು ತಿಂಗಳಾಗಿತ್ತು. “ಅಣ್ಣಾ, ಮಧ್ಯಾಹ್ನ ದಿನಸಿ ತರೋಕೆ ಹೋಗಿದ್ದೆ. ರಿವರ್ಸ್ ತೆಗೆಯುವಾಗ ಪಕ್ಕದಲ್ಲಿ ನಿಂತಿದ್ದ ಕಾರಿನ ಬಂಪರ್‌ಗೆ ಸ್ವಲ್ಪ ತಾಗಿಬಿಡ್ತು. ಹತ್ತು ನಿಮಿಷ ಕಾದೆ, ಯಾರೂ ಬರಲಿಲ್ಲ. ಹೆಸರು, ನಂಬರ್ ಬರೆದು ವೈಪರ್ ಕೆಳಗೆ ಚೀಟಿ ಸಿಕ್ಕಿಸಿ ಬಂದೆ. ಸಾಕಲ್ವಾ?”

ಸಾಲದು. ಅವನು ಪ್ರಾಮಾಣಿಕ ಹುಡುಗ, ಚೀಟಿಯಲ್ಲಿ ಬರೆದದ್ದು ನಿಜವಾದ ನಂಬರೇ. ಆದರೂ ಜರ್ಮನಿಯ ಕಾನೂನಿನ ಕಣ್ಣಿನಲ್ಲಿ ಅವನು ಅಪಘಾತದ ಜಾಗ ಬಿಟ್ಟು ಹೋದವನು. ಈ ಒಂದು ವಿಷಯ ಗೊತ್ತಿಲ್ಲದೆ ಸಿಕ್ಕಿಹಾಕಿಕೊಂಡ ನಾಲ್ಕೈದು ಮಂದಿಯನ್ನು ಹದಿನಾಲ್ಕು ವರ್ಷಗಳಲ್ಲಿ ನಾನೇ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ದಂಡಸಂಹಿತೆಯ 142ನೇ ಕಲಮು ಹೇಳುವುದು ಇಷ್ಟು: ಅಪಘಾತದಲ್ಲಿ ಪಾಲಿದ್ದವರು ಜಾಗ ಬಿಡುವ ಮುನ್ನ ತಾವು ಯಾರು, ಗಾಡಿ ಯಾವುದು, ಹೇಗಾಯಿತು ಎಂಬುದು ನಷ್ಟವಾದವರಿಗೆ ತಿಳಿಯುವಂತೆ ಮಾಡಬೇಕು. ಯಾರೂ ಇಲ್ಲದಿದ್ದರೆ ತಕ್ಕಷ್ಟು ಹೊತ್ತು ಕಾಯಬೇಕು. ಕಾದರೂ ಬರದಿದ್ದರೆ ತಡಮಾಡದೆ ಗಾಡಿಯ ಮಾಲೀಕರಿಗೋ ಹತ್ತಿರದ ಪೊಲೀಸರಿಗೋ ತಿಳಿಸಬೇಕು. ಇದನ್ನು ಮೀರುವುದಕ್ಕೆ ಜನ ‘ಫಾರರ್‌ಫ್ಲುಖ್ಟ್’ ಅಥವಾ ‘ಉನ್‌ಫಾಲ್‌ಫ್ಲುಖ್ಟ್’ ಅನ್ನುತ್ತಾರೆ. ದಂಡ, ಇಲ್ಲವೇ ಮೂರು ವರ್ಷದವರೆಗೆ ಸೆರೆ ಎಂದು ಬರೆದಿದೆ. ಸಣ್ಣ ಗೀರಿಗೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ನಿಜ. ಆದರೆ ದಂಡ ಬೀಳುತ್ತದೆ, ಚಾಲಕರ ತಪ್ಪುಗಳನ್ನು ಬರೆದಿಡುವ ಫ್ಲೆನ್ಸ್‌ಬುರ್ಗ್‌ನ ದಾಖಲೆಯಲ್ಲಿ ಪಾಯಿಂಟ್ ಸೇರುತ್ತದೆ, ನಷ್ಟ ದೊಡ್ಡದಾಗಿದ್ದರೆ ಲೈಸೆನ್ಸೇ ಹೋಗಬಹುದು. ವಿಮಾ ಕಂಪನಿ ಎದುರಿನವರಿಗೆ ಕೊಟ್ಟ ಹಣದಲ್ಲಿ 2,500 ಯೂರೊವರೆಗೆ, ಕೆಟ್ಟ ಸಂದರ್ಭದಲ್ಲಿ 5,000 ಯೂರೊವರೆಗೆ ನಿಮ್ಮಿಂದಲೇ ವಸೂಲು ಮಾಡಬಹುದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಶಿಕ್ಷೆಗಳ ವಿವರವನ್ನೂ ಕೇಳುತ್ತಾರೆ.

ಈಗ ಇದರ ಇನ್ನೊಂದು ಮಗ್ಗುಲು ನೋಡಿ. ಅಜಾಗರೂಕತೆಯಿಂದ ಇನ್ನೊಬ್ಬರ ವಸ್ತುವಿಗೆ ಪೆಟ್ಟು ಮಾಡುವುದು ಜರ್ಮನಿಯಲ್ಲಿ ಅಪರಾಧವೇ ಅಲ್ಲ. ಬೇಕೆಂದೇ ಮಾಡಿದರೆ ಮಾತ್ರ ಅಪರಾಧ. ಅಂದರೆ ಕಾರು ಉಜ್ಜಿದ್ದಕ್ಕೆ ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಆಗುವುದಿಲ್ಲ. ರಿಪೇರಿಯ ಖರ್ಚನ್ನು ನಿಮ್ಮ ಹಾಫ್ಟ್‌ಫ್ಲಿಖ್ಟ್, ಅಂದರೆ ಕಡ್ಡಾಯ ವಿಮೆ, ಕೊಡುತ್ತದೆ. ಪೊಲೀಸರು ಬಂದರೆ ಹೆಚ್ಚೆಂದರೆ ಸಣ್ಣ ದಂಡದ ಚೀಟಿ ಕೊಡಬಹುದು. ಗೀರು ಅಪರಾಧವಲ್ಲ, ಬಿಟ್ಟು ಹೋಗುವುದು ಅಪರಾಧ. ವೀಸಾ ಏನಾಗುತ್ತೋ, ಕೆಲಸ ಏನಾಗುತ್ತೋ, ಜರ್ಮನ್ ಬೇರೆ ಬರಲ್ಲ ಎಂಬ ಗಾಬರಿಯಲ್ಲಿ ನಮ್ಮವರು ಜಾಗ ಖಾಲಿ ಮಾಡುತ್ತಾರೆ. ಆ ಗಾಬರಿ ಯಾವುದಕ್ಕೆ ಹೆದರುತ್ತದೆಯೋ ಅದನ್ನೇ ಮೈಮೇಲೆ ಎಳೆದುಕೊಳ್ಳುತ್ತದೆ.

ಬೆಂಗಳೂರಿನ ರೂಢಿ ನಮ್ಮ ಕೈಕಾಲಲ್ಲಿ ಕೂತಿರುತ್ತದೆ ಎಂಬುದೂ ನಿಜ. ಅಲ್ಲಿ ತಾಗಿದರೆ ಇಬ್ಬರೂ ಇಳಿಯುತ್ತಾರೆ, ನಾಲ್ಕು ಜನ ಸೇರುತ್ತಾರೆ, ಸ್ವಲ್ಪ ಜೋರು ಮಾತಾಗುತ್ತದೆ, ಕೈಗೆ ಸ್ವಲ್ಪ ದುಡ್ಡು ಬಂದರೆ “ಹೋಗ್ಲಿ ಬಿಡಿ ಸಾರ್” ಅಂತ ಮುಗಿಯುತ್ತದೆ. ಸಣ್ಣ ಗೀರಿಗೆ ಪೊಲೀಸರನ್ನು ಕರೆಯುವುದು ಅಲ್ಲಿ ಜಗಳಕ್ಕೆ ಹೊರಟಂತೆ. ಇಲ್ಲಿ ಅದು ಮರ್ಯಾದೆಯ ನಡೆ. ಆಡುಗೋಡಿಯ ಬಾಷ್‌ನಿಂದ ಇಲ್ಲಿಗೆ ಬಂದ ಗೆಳೆಯರೊಬ್ಬರಿಗೆ ಇದು ಒಗ್ಗುವುದಕ್ಕೆ ಎರಡು ವರ್ಷ ಬೇಕಾಯಿತು.

ಹಾಗಾದರೆ ತಾಗಿದ ಗಳಿಗೆಯಲ್ಲಿ ಏನು ಮಾಡಬೇಕು? ಮೊದಲು ಇಳಿದು ನೋಡಿ. ಗುರುತು ಕಾಣದಿದ್ದರೂ ಕೈ ಆಡಿಸಿ ನೋಡಿ. ಪ್ಲಾಸ್ಟಿಕ್ ಬಂಪರ್ ಹೊರಗೆ ನೆಟ್ಟಗಿದ್ದು ಒಳಗಿನ ಕೊಂಡಿ ಮುರಿದಿರಬಹುದು. ಎರಡೂ ಕಾರುಗಳು ನಿಂತ ಹಾಗೆಯೇ ಫೋಟೊ ತೆಗೆಯಿರಿ. ಅಂಗಡಿಯ ಪಾರ್ಕಿಂಗ್ ಆಗಿದ್ದರೆ ಒಳಗೆ ಹೋಗಿ ಆ ಕಾರಿನ ನಂಬರ್ ಹೇಳಿ. ಮೈಕಿನಲ್ಲಿ ಕರೆಯುತ್ತಾರೆ, ಎಷ್ಟೋ ಸಲ ಮಾಲೀಕರು ಐದು ನಿಮಿಷದಲ್ಲಿ ಬರುತ್ತಾರೆ. ಬಂದರೆ ಹೆಸರು, ವಿಳಾಸ, ಗಾಡಿ ನಂಬರ್, ವಿಮೆಯ ವಿವರ ಬದಲಾಯಿಸಿಕೊಳ್ಳಿ. ‘ಯುರೋಪಿಯನ್ ಅಪಘಾತ ವರದಿ’ ಎಂಬ ನಮೂನೆ ಎಲ್ಲ ವಿಮಾ ಕಂಪನಿಗಳಲ್ಲೂ ಬಿಟ್ಟಿ ಸಿಗುತ್ತದೆ. ಅದು ಹಲವು ಭಾಷೆಗಳಲ್ಲಿದೆ, ಎಲ್ಲದರಲ್ಲೂ ಕಲಮುಗಳ ಕ್ರಮ ಒಂದೇ. ಹಾಗಾಗಿ ಅವರು ಜರ್ಮನ್ ಪ್ರತಿ, ನೀವು ಇಂಗ್ಲಿಷ್ ಪ್ರತಿ ಹಿಡಿದು ತುಂಬಬಹುದು. ಅದಕ್ಕೆ ಸಹಿ ಹಾಕುವುದು ತಪ್ಪೊಪ್ಪಿಗೆ ಅಲ್ಲ. ಆದರೆ ಬೇರೆ ಕಾಗದದ ಮೇಲೆ “ತಪ್ಪು ನನ್ನದೇ, ಪೂರ್ತಿ ಕೊಡುತ್ತೇನೆ” ಎಂದು ಬರೆದುಕೊಡಬೇಡಿ. ಅದನ್ನು ತೀರ್ಮಾನಿಸುವುದು ವಿಮೆಯವರ ಕೆಲಸ.

ಯಾರೂ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಕಾನೂನಿನಲ್ಲಿ ನಿಮಿಷಗಳ ಲೆಕ್ಕವಿಲ್ಲ. ಸಣ್ಣ ಪೆಟ್ಟಿಗೆ ಅರ್ಧ ಗಂಟೆ ಎಂದು ಜನ ಹೇಳುತ್ತಾರೆ. ನಾನು ಹೇಳುವುದು: ಲೆಕ್ಕ ಹಾಕುತ್ತಾ ನಿಲ್ಲಬೇಡಿ, ಹತ್ತಿರದ ಠಾಣೆಗೆ ಫೋನ್ ಮಾಡಿ. ಠಾಣೆಯ ನಂಬರ್ ಸಿಗದಿದ್ದರೆ 110ಕ್ಕೆ ಮಾಡಿ, ಯಾರಿಗೂ ಗಾಯವಾಗಿಲ್ಲ ಎಂದು ಮೊದಲೇ ಹೇಳಿ. “ಇಷ್ ಹಾಬೆ ಆಯ್ನ್ ಪಾರ್ಕೆಂಡಸ್ ಆವ್ಟೊ ಬೆಶೇಡಿಗ್ಟ್” ಅಂದರೆ ‘ನಿಂತ ಕಾರಿಗೆ ಪೆಟ್ಟು ಮಾಡಿದ್ದೇನೆ’. ಇದೊಂದು ವಾಕ್ಯ ಬಾಯಿಪಾಠ ಇರಲಿ. ಚೀಟಿಯನ್ನೂ ಇಡಿ, ಅದು ಸೌಜನ್ಯ. ಆದರೆ ಮಳೆಗೆ ನೆನೆಯುವ, ಗಾಳಿಗೆ ಹಾರುವ ಕಾಗದವನ್ನು ನಂಬಿ ಹೊರಡಬೇಡಿ.

ಹಾಸನದ ಹುಡುಗನ ಕಥೆ ಹೇಳಿಬಿಡುತ್ತೇನೆ. ಫೋನ್ ಇಟ್ಟವನೇ ನಾನು ಕೋಟು ಹಾಕಿಕೊಂಡು ಹೊರಟೆ. ಎಂಟು ಗಂಟೆಗೆ ಇಬ್ಬರೂ ಠಾಣೆಯಲ್ಲಿದ್ದೆವು. ಅಷ್ಟರಲ್ಲಿ ಆ ಕಾರಿನವರು ದೂರು ಕೊಟ್ಟಾಗಿತ್ತು. ದಾರಿಹೋಕರೊಬ್ಬರು ಇವನ ನಂಬರ್ ಬರೆದುಕೊಂಡಿದ್ದರು. ಚೀಟಿ ಸಿಗಲೇ ಇಲ್ಲವಂತೆ. ನಿಂತ ಗಾಡಿಗೆ ಸಣ್ಣ ಪೆಟ್ಟಷ್ಟೇ ಆಗಿದ್ದು, 24 ಗಂಟೆಯೊಳಗೆ ತಾನಾಗಿ ಬಂದು ತಿಳಿಸಿದರೆ ಶಿಕ್ಷೆ ಕಡಿಮೆ ಮಾಡುವ ಅಥವಾ ಬಿಟ್ಟುಬಿಡುವ ಅವಕಾಶ ಅದೇ 142ನೇ ಕಲಮಿನಲ್ಲಿದೆ. ಪೊಲೀಸರು ಹುಡುಕಿಕೊಂಡು ಬಾಗಿಲಿಗೆ ಬಂದ ಮೇಲೆ ಅದು ‘ತಾನಾಗಿ’ ಆಗುವುದಿಲ್ಲ. ಎರಡು ತಿಂಗಳ ನಂತರ ಕೇಸು ಕೈಬಿಟ್ಟಿರುವುದಾಗಿ ಅವನಿಗೆ ಪತ್ರ ಬಂತು. ಎಲ್ಲರಿಗೂ ಹೀಗೇ ಆಗುತ್ತದೆಂದು ತಿಳಿಯಬೇಡಿ. ನಿಮ್ಮನ್ನು ‘ಬೆಶುಲ್ಡಿಗ್ಟರ್’, ಅಂದರೆ ಆರೋಪಿ, ಎಂದು ಕರೆದ ಪತ್ರ ಬಂದರೆ ಉತ್ತರ ಬರೆಯುವ ಮುನ್ನ ಸಂಚಾರ ಕಾನೂನಿನ ವಕೀಲರನ್ನು ಕಾಣಿ. ನಾನು ವಕೀಲನಲ್ಲ.

ಇನ್ನು ಪೆಟ್ಟು ನಿಮ್ಮ ಕಾರಿಗೇ ಬಿದ್ದಿದ್ದರೆ. ಬೆಳಿಗ್ಗೆ ಬಂದು ನೋಡುತ್ತೀರಿ, ಬಾಗಿಲು ನೆಗ್ಗಿದೆ, ಯಾರೂ ಇಲ್ಲ. ಕಾರನ್ನು ಕದಲಿಸಬೇಡಿ, ಒರೆಸಬೇಡಿ, ತೊಳೆಯಬೇಡಿ. ಗೀರಿನಲ್ಲಿ ಅಂಟಿಕೊಂಡ ಇನ್ನೊಂದು ಕಾರಿನ ಬಣ್ಣವೇ ನಿಮ್ಮ ಅತ್ಯುತ್ತಮ ಸಾಕ್ಷಿ. ನೆಲದಿಂದ ಗೀರು ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅದರ ಸಮೇತ ಫೋಟೊ ತೆಗೆಯಿರಿ. ಅನುಮಾನ ಬಂದ ಗಾಡಿಯ ಬಂಪರಿನ ಎತ್ತರಕ್ಕೆ ಇದನ್ನು ತಾಳೆ ನೋಡುತ್ತಾರೆ. ಕೆಳಗೆ ಬಿದ್ದ ಪ್ಲಾಸ್ಟಿಕ್ ಚೂರು, ಗಾಜಿನ ಚೂರು ಬಿಸಾಡಬೇಡಿ. ಪೊಲೀಸರಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅಂಗಡಿಯ ಕ್ಯಾಮೆರಾ ಇದ್ದರೆ ಅದೇ ದಿನ ಪೊಲೀಸರಿಗೆ ಹೇಳಿ. ದೃಶ್ಯವನ್ನು ಅಂಗಡಿಯವರು ನಿಮಗೆ ಕೊಡುವುದಿಲ್ಲ, ಪೊಲೀಸರು ಕೇಳಬೇಕು. ಹೆಚ್ಚಿನ ಕಡೆ ಕೆಲವೇ ದಿನಗಳಲ್ಲಿ ಅದು ಅಳಿಸಿಹೋಗುತ್ತದೆ. ಪೆಟ್ಟು ಮಾಡಿದವರ ನಂಬರ್ ಪ್ಲೇಟ್ ಮಾತ್ರ ಗೊತ್ತಿದ್ದರೂ ಸಾಕು. ‘ತ್ಸೆಂಟ್ರಾಲ್‌ರೂಫ್ ಡೆರ್ ಆವ್ಟೊಫೆರ್‌ಜಿಷರರ್’ ಎಂಬ ವಿಮಾ ಕಂಪನಿಗಳ ಸಾಮಾನ್ಯ ಸಹಾಯವಾಣಿ, 0800 2502600, ಅವರ ವಿಮೆ ಯಾರದ್ದೆಂದು ಹೇಳುತ್ತದೆ.

ಎದುರಿನವರು ಸಿಕ್ಕರೆ ಅವರ ವಿಮೆಯಿಂದ ನಿಮಗೆ ಪೂರ್ತಿ ಪರಿಹಾರದ ಹಕ್ಕಿದೆ. ಈ ಜಾಗದಲ್ಲಿ ನಮ್ಮವರು ಸಂಕೋಚಪಟ್ಟು ಕಳೆದುಕೊಳ್ಳುವುದು ಜಾಸ್ತಿ. ಎದುರಿನ ವಿಮೆಯವರು ತುಂಬ ಸ್ನೇಹದಿಂದ ಫೋನ್ ಮಾಡಿ “ನಮ್ಮ ತಜ್ಞರನ್ನೇ ಕಳಿಸುತ್ತೇವೆ, ನಮ್ಮ ಗ್ಯಾರೇಜಿಗೇ ಬಿಡಿ” ಅನ್ನುತ್ತಾರೆ. ಒಪ್ಪಲೇಬೇಕೆಂದಿಲ್ಲ. ಗ್ಯಾರೇಜನ್ನು ನೀವೇ ಆರಿಸಬಹುದು, ಪೆಟ್ಟು ಅಂದಾಜು 750 ಯೂರೊ ದಾಟಿದರೆ ನಿಮ್ಮದೇ ‘ಗುಟ್‌ಆಖ್ಟರ್’, ಅಂದರೆ ಸ್ವತಂತ್ರ ಮೌಲ್ಯಮಾಪಕರನ್ನು ಇಡಬಹುದು, ಅವರ ಫೀಸೂ ವಕೀಲರ ಫೀಸೂ ತಪ್ಪಿತಸ್ಥರ ವಿಮೆಯ ಮೇಲೆಯೇ. ಅದಕ್ಕಿಂತ ಸಣ್ಣದಕ್ಕೆ ಗ್ಯಾರೇಜಿನ ಅಂದಾಜುಪಟ್ಟಿ, ‘ಕೋಸ್ಟನ್‌ಫೋರ್‌ಆನ್‌ಶ್ಲಾಗ್’, ಸಾಕು. ರಿಪೇರಿ ಮಾಡಿಸದೆ ಆ ಅಂದಾಜಿನ ಹಣ ಪಡೆಯುವುದಕ್ಕೂ ಕಾನೂನಿನಲ್ಲಿ ದಾರಿಯಿದೆ; ಆಗ ಮೌಲ್ಯವರ್ಧಿತ ತೆರಿಗೆಯ ಭಾಗ ಮಾತ್ರ ಕೊಡುವುದಿಲ್ಲ. ಹಳೆಯ ಕಾರಿಗೆ ಗೀರು ಬಿದ್ದಾಗ ನಾನು ಹಾಗೇ ಮಾಡಿದೆ.

ಎದುರಿನವರು ಸಿಗದಿದ್ದರೆ ನಿಮ್ಮ ವಿಮೆಯ ಬಗೆ ಮುಖ್ಯವಾಗುತ್ತದೆ. ‘ಟೈಲ್‌ಕಾಸ್ಕೊ’, ಅಂದರೆ ಸ್ವಂತ ಕಾರಿನ ಭಾಗಶಃ ವಿಮೆ, ಕಳ್ಳತನ, ಆಲಿಕಲ್ಲು, ಬಿರುಗಾಳಿ, ಗಾಜು, ಕಾಡುಪ್ರಾಣಿಗಳ ಡಿಕ್ಕಿ ಇಂಥವಕ್ಕೆ. ಯಾರೋ ಉಜ್ಜಿ ಹೋದ ಗೀರಿಗೆ ಅದು ಬಿಡಿಗಾಸು ಕೊಡುವುದಿಲ್ಲ, ‘ಫೋಲ್‌ಕಾಸ್ಕೊ’, ಅಂದರೆ ಪೂರ್ಣ ವಿಮೆ, ಬೇಕು. ಅದಿದ್ದರೂ ಕೂಡಲೇ ಕ್ಲೈಮ್ ಮಾಡಬೇಡಿ. ರಿಪೇರಿ 700 ಯೂರೊ, ಪಾಲಿಸಿಯ ಪ್ರಕಾರ ನೀವೇ ಭರಿಸಬೇಕಾದ ಪಾಲು 300 ಎಂದಿಟ್ಟುಕೊಂಡರೆ ಕೈಗೆ ಬರುವುದು 400. ಅದರ ಬದಲಿಗೆ ನಿಮ್ಮ ‘ಶಾಡನ್‌ಫ್ರೈಹೈಟ್ಸ್‌ಕ್ಲಾಸೆ’ ಕೆಳಗಿಳಿಯುತ್ತದೆ. ನಮ್ಮ ಊರಿನ ನೋ ಕ್ಲೈಮ್ ಬೋನಸ್ಸಿನ ಹಾಗೆಯೇ ಇದು, ಆದರೆ ಏಣಿ ಬಹಳ ಉದ್ದ, ಇಳಿದದ್ದನ್ನು ಮತ್ತೆ ಹತ್ತಲು ವರ್ಷಗಳು ಬೇಕು. ಹೊಸದಾಗಿ ಬಂದವರು ಮೊದಲೇ ಕೆಳಗಿನ ಮೆಟ್ಟಿಲಲ್ಲಿರುತ್ತಾರೆ. ವಿಷಯವನ್ನು ಒಂದು ವಾರದೊಳಗೆ ವಿಮೆಯವರಿಗೆ ತಿಳಿಸಿ, ಕ್ಲೈಮ್ ಮಾಡಿದರೆ ಕಂತು ಎಷ್ಟು ಏರುತ್ತದೆ ಎಂದು ಬರಹದಲ್ಲಿ ಕೇಳಿ, ಆಮೇಲೆ ತೀರ್ಮಾನಿಸಿ. ನೀವೇ ಇನ್ನೊಬ್ಬರಿಗೆ ಪೆಟ್ಟು ಮಾಡಿದ್ದು ಸಣ್ಣ ಮೊತ್ತವಾಗಿದ್ದರೆ, ವಿಮೆಯವರು ಕೊಟ್ಟ ಹಣವನ್ನು ಅವರಿಗೆ ಹಿಂತಿರುಗಿಸಿ ಮೆಟ್ಟಿಲು ಉಳಿಸಿಕೊಳ್ಳಬಹುದು; ಸಾಮಾನ್ಯವಾಗಿ ಅವರ ಪತ್ರ ಬಂದು ಆರು ತಿಂಗಳವರೆಗೆ ಅವಕಾಶವಿರುತ್ತದೆ.

ರಿಪೇರಿಯ ಬಗ್ಗೆ ಸ್ವಲ್ಪ. ಗೀರಿನ ಮೇಲೆ ಉಗುರು ಅಡ್ಡಡ್ಡ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಮೇಲಿನ ಪಾರದರ್ಶಕ ಪದರದಲ್ಲಷ್ಟೇ ಇದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ಬಣ್ಣ ಕಿತ್ತುಬಂದು ತಗಡು ಕಾಣುತ್ತಿದ್ದರೆ ಚಳಿಗಾಲಕ್ಕೆ ಮುಂಚೆ ಮುಚ್ಚಿಸಿ. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಬರಿಗಬ್ಬಿಣಕ್ಕೆ ಅದು ತಾಗಿದರೆ ತುಕ್ಕು ಬೇಗ ಹತ್ತುತ್ತದೆ. ನಿಮ್ಮ ಕಾರಿನ ಬಣ್ಣದ ಸಂಕೇತ ನೋಡಿ ‘ಲಾಕ್‌ಷ್ಟಿಫ್ಟ್’ ಎಂಬ ಪುಟ್ಟ ಬಣ್ಣದ ಕಡ್ಡಿ ತಂದು ನೀವೇ ಹಚ್ಚಬಹುದು. ಬಣ್ಣ ಹೋಗದೆ ಬರೀ ನೆಗ್ಗಿದ್ದರೆ ‘ಬೊಯ್ಲನ್‌ಡೊಕ್ಟರ್’ ಹುಡುಕಿ. ನೆಗ್ಗಿಗೆ ವೈದ್ಯ ಎಂದೇ ಆ ಮಾತಿನ ಅರ್ಥ. ಒಳಗಿನಿಂದ ಸಣ್ಣ ಸಲಾಕೆ ತೂರಿಸಿ ನಿಧಾನವಾಗಿ ಒತ್ತಿ ಸಮ ಮಾಡುತ್ತಾರೆ, ಬಣ್ಣ ಬಳಿಯುವ ಪ್ರಮೇಯವೇ ಬರುವುದಿಲ್ಲ. ಕಂಪನಿಯ ಅಧಿಕೃತ ವರ್ಕ್‌ಶಾಪ್ ನನಗೆ ಇಡೀ ಬಾಗಿಲಿಗೆ ಬಣ್ಣ ಹೊಡೆಯುವ ಲೆಕ್ಕ ಕೊಟ್ಟಿತ್ತು. ಇವರು ಅದೇ ಕೆಲಸವನ್ನು ಎರಡು ಗಂಟೆಯಲ್ಲಿ, 180 ಯೂರೊಗೆ ಮುಗಿಸಿದರು. ಲೀಸಿನ ಕಾರು, ಕಂಪನಿ ಕೊಟ್ಟ ಕಾರು ಆಗಿದ್ದರೆ ಮಾತ್ರ ಸ್ವಂತ ಬುದ್ಧಿಯಿಂದ ಏನನ್ನೂ ಮುಟ್ಟಬೇಡಿ. ಮೊದಲು ಮಾಲೀಕರಿಗೆ ತಿಳಿಸಿ.

ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದಂದಿನಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಏಳನೇ ತಿಂಗಳಲ್ಲಿ ತಾಗಿಸಿಕೊಂಡರೆ ಗೀರಿನ ಮಾತು ಹಿಂದೆ ಸರಿದು ಲೈಸೆನ್ಸ್ ಇಲ್ಲದೆ ಓಡಿಸಿದ ಮಾತು ಮುಂದೆ ಬರುತ್ತದೆ. ಆ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಸೈಕಲ್, ಸ್ಕೂಟರ್ ಆಡುತ್ತಾ ಮಗು ನಿಂತ ಕಾರಿಗೆ ಗೀರಿದರೆ ಕಾರಿನ ವಿಮೆ ಬರುವುದಿಲ್ಲ, ನಿಮ್ಮ ‘ಪ್ರಿವಾಟ್‌ಹಾಫ್ಟ್‌ಫ್ಲಿಖ್ಟ್’, ಅಂದರೆ ಖಾಸಗಿ ಹೊಣೆಗಾರಿಕೆ ವಿಮೆ, ಬರಬೇಕು. ಏಳು ವರ್ಷ ತುಂಬದ ಮಗುವಿಗೆ ಕಾನೂನಿನಲ್ಲಿ ಹೊಣೆಯಿಲ್ಲ. ಓಡುವ ಗಾಡಿಯ ಅಪಘಾತದಲ್ಲಿ ಈ ರಕ್ಷಣೆ ಹತ್ತು ವರ್ಷದವರೆಗಿದೆ, ಆದರೆ ಸರಿಯಾಗಿ ನಿಲ್ಲಿಸಿದ್ದ ಕಾರಿಗೆ ಅದು ಅನ್ವಯಿಸುವುದಿಲ್ಲ ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2004ರಲ್ಲಿ ತೀರ್ಪು ಕೊಟ್ಟಿದೆ. ಪುಟ್ಟ ಮಗು ಮಾಡಿದ್ದಕ್ಕೆ ಹೊಣೆಯಿಲ್ಲದಿದ್ದರೂ ಪಕ್ಕದ ಮನೆಯವರ ಕಾರು ಹಾಳಾದದ್ದು ಹಾಳಾದದ್ದೇ, ನಾಳೆ ಮೆಟ್ಟಿಲಲ್ಲಿ ಅವರ ಮುಖ ನೋಡಬೇಕಲ್ಲ. ಆದ್ದರಿಂದ ಪಾಲಿಸಿ ತೆಗೆದುಕೊಳ್ಳುವಾಗ ‘ಡೆಲಿಕ್ಟ್‌ಉನ್‌ಫೇಯಿಗ ಕಿಂಡರ್’, ಅಂದರೆ ಹೊಣೆ ಹೊರಲಾರದ ವಯಸ್ಸಿನ ಮಕ್ಕಳು, ಸೇರಿದ್ದಾರೆಯೇ ಎಂದು ಕೇಳಿ, ಆ ಸಾಲನ್ನು ಕಾಗದದಲ್ಲಿ ತೋರಿಸಲು ಹೇಳಿ.