ರಾಣಿ ರೂಪಾಯಿಯ ಅಚ್ಚು ಗುರುತಿಸುವುದು ಹೇಗೆ

ದಾವಣಗೆರೆ ಚೌಕಿಪೇಟೆಯ ನಮ್ಮ ಬೆಳ್ಳಿ ಅಂಗಡಿಗೆ ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯ ತಲೆ ಇರುವ ಬೆಳ್ಳಿ ರೂಪಾಯಿಯಂಥ ಹಳೇ ನಾಣ್ಯ ತರುವವರು ಮೊದಲು ಕೇಳುವ ಮಾತು, "ತೂಕಕ್ಕೆ ಎಷ್ಟು ಕೊಡ್ತೀರಿ?" ಅಂತ. ತೂಕ ಹಾಕಿ ದುಡ್ಡು ಕೊಟ್ಟರೆ ಮುಗಿಯಿತು, ನಾಣ್ಯ ಕುಲುಮೆಗೆ ಹೋಗುತ್ತದೆ. ಇಸವಿ ನೋಡುವವರೇ ಕಮ್ಮಿ. ನೋಡಿದರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಒಂದೇ ಇಸವಿಯ ಎರಡು ರೂಪಾಯಿ ಬೇರೆ ಬೇರೆ ಅಚ್ಚಿನಿಂದ (ನಾಣ್ಯದ ಮೇಲೆ ಚಿತ್ರ, ಅಕ್ಷರ ಒತ್ತುವ ಕೆತ್ತಿದ ಉಕ್ಕಿನ ತುಂಡು) ಬಂದಿರಬಹುದು. ಒಂದು ಊರಿಗೆಲ್ಲ ಸಿಗುವಂಥದ್ದು, ಇನ್ನೊಂದು ಅಪರೂಪದ್ದು. ಕರಗಿದ ಮೇಲೆ ಎರಡೂ ಒಂದೇ ಗಟ್ಟಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತೊಳೆಯುವುದನ್ನು ಬಿಡಿ. ಹುಣಸೆಹಣ್ಣು, ಬೂದಿ, ಸಬೀನಾ ಯಾವುದೂ ಬೇಡ. ಉಜ್ಜಿದರೆ ನಾವು ಹುಡುಕಬೇಕಾದ ಸಣ್ಣ ಗೆರೆಗಳೇ ಸವೆಯುತ್ತವೆ. ಕಪ್ಪು ಇದ್ದರೆ ಇರಲಿ, ತಗ್ಗಿನಲ್ಲಿ ಕೂತ ಕಪ್ಪಿನಿಂದ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ.

ಆಮೇಲೆ ತಕ್ಕಡಿ. ವಿಕ್ಟೋರಿಯಾ ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. 100ಕ್ಕೆ 91.7 ಭಾಗ ಬೆಳ್ಳಿ. ಸವೆದದ್ದು ಸ್ವಲ್ಪ ಕಮ್ಮಿ ತೂಗಬಹುದು. ಜಾಸ್ತಿ ತೂಗಿದರೆ, ಅಥವಾ ಅಂಚಿನ ಗೀರುಗಳು ಮಸುಕಾಗಿ ಮೈಮೇಲೆಲ್ಲ ಸಣ್ಣ ಸಣ್ಣ ತೂತು ಕಂಡರೆ, ಎರಕ ಹೊಯ್ದ ನಕಲಿ ಇರಬಹುದು. ಅದರ ಅಚ್ಚು ಹುಡುಕಿ ಪ್ರಯೋಜನವಿಲ್ಲ.

ಈಗ ಒಂದೇ ದೀಪ ಹಚ್ಚಿ, ಪಕ್ಕದಿಂದ, ಓರೆಯಾಗಿ ಬೆಳಕು ಬೀಳುವ ಹಾಗೆ ಇಡಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಒಂದೇ ಇಸವಿಯ ಎರಡು ನಾಣ್ಯ ಪಕ್ಕ ಪಕ್ಕ ಇಟ್ಟು, ಎರಡರಲ್ಲೂ ಅದೇ ಜಾಗ ನೋಡಿ. ಇಡೀ ನಾಣ್ಯವನ್ನು ಒಟ್ಟಿಗೆ ನೋಡಿದರೆ ಏನೂ ಸಿಗುವುದಿಲ್ಲ.

ಕಂಡ ವ್ಯತ್ಯಾಸ ಅಚ್ಚಿನದೋ, ಆಮೇಲೆ ಬಿದ್ದ ಗಾಯವೋ? ಎಲ್ಲಕ್ಕಿಂತ ಮುಖ್ಯ ಈ ಪ್ರಶ್ನೆಯೇ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಮರದ ಅಚ್ಚು ಗೊತ್ತಲ್ವಾ? ಅಚ್ಚು ಬಿರುಕು ಬಿಟ್ಟರೆ ಆ ಬಿರುಕು ಪ್ರತಿ ಆರತಿಯ ಮೇಲೂ ಉಬ್ಬಿದ ಗೆರೆಯಾಗಿ ಬರುತ್ತದೆ. ನಾಣ್ಯದಲ್ಲೂ ಹಾಗೇ. ಉಬ್ಬಿದ ಗೆರೆ ಅಚ್ಚಿನದು, ತಗ್ಗಿದ ಗೀರು ಸಾಮಾನ್ಯವಾಗಿ ಆಮೇಲೆ ಆದದ್ದು. ಅಚ್ಚಿನ ಕುಳಿಯಲ್ಲಿ ಎಣ್ಣೆ, ಕಸ ತುಂಬಿದರೆ ಅಕ್ಷರವೋ ಚುಕ್ಕೆಯೋ ಮೂಡದೇ ಹೋಗುವುದೂ ಉಂಟು. ಹಾಗಾಗಿ ಚುಕ್ಕೆ ಕಾಣದ ಮಾತ್ರಕ್ಕೆ ಅದು ಬೇರೆ ಅಚ್ಚು ಎಂದು ತೀರ್ಮಾನಿಸಬೇಡಿ. ಅದೇ ಜಾಗದಲ್ಲಿ ಕೆರೆದ ಗುರುತು ಇದೆಯಾ ಎಂದೂ ನೋಡಿ.

ಇನ್ನು ನಾಣ್ಯಕ್ಕೆ ಬರೋಣ. 1840ರ ಈಸ್ಟ್ ಇಂಡಿಯಾ ಕಂಪನಿ ರೂಪಾಯಿಯಲ್ಲಿ 'ವಿಕ್ಟೋರಿಯಾ ಕ್ವೀನ್' ಎಂಬ ಇಂಗ್ಲಿಷ್ ಬರಹ ನೋಡಿ. ಕೆಲವದರಲ್ಲಿ ಅದು ತಲೆಯ ಮೇಲೆ ಒಂದೇ ಸಾಲಾಗಿ ಹೋಗುತ್ತದೆ. ಕೆಲವದರಲ್ಲಿ ತಲೆ ನಡುವೆ ಬಂದು, 'ವಿಕ್ಟೋರಿಯಾ' ಒಂದು ಕಡೆ, 'ಕ್ವೀನ್' ಇನ್ನೊಂದು ಕಡೆ ಆಗಿದೆ. ಕುತ್ತಿಗೆ ಕೊನೆಯಾಗುವಲ್ಲಿ ಅಚ್ಚು ಕೆತ್ತಿದ ವಿಲಿಯಂ ವಯಾನ್‌ನ ಹೆಸರಿನ ಎರಡು ಡಬ್ಲ್ಯು ಇರುತ್ತವೆ. ಅವು ಉಬ್ಬಿವೆಯಾ, ಕೊರೆದಂತಿವೆಯಾ? ಹಿಂಬದಿಯ ಎಲೆ ಹಾರದಲ್ಲಿ ಪುಟ್ಟ ಕಾಯಿಗಳಿವೆ. ಅವನ್ನು ಎಣಿಸಿ. 19, 28, 35 ಹೀಗೆ ಅಚ್ಚಿನಿಂದ ಅಚ್ಚಿಗೆ ಲೆಕ್ಕ ಬದಲಾಗುತ್ತದೆ. ಎಣಿಸುವಾಗ ಹಾರದ ಒಂದು ಬದಿಯಿಂದ ಹೊರಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ನನಗೆ ತುಂಬ ಇಷ್ಟದ್ದು 1862ರ ರೂಪಾಯಿ. ನಮ್ಮ ಕಡೆ ಲಂಬಾಣಿ ತಾಂಡಾಗಳಿಂದ, ಹಳ್ಳಿ ಮನೆಗಳ ದೇವರ ಪೆಟ್ಟಿಗೆಯಿಂದ ಇದು ಬರುತ್ತಲೇ ಇರುತ್ತದೆ. 1862 ಎಂದು ಬರೆದ ಮಾತ್ರಕ್ಕೆ ಅದು ಆ ವರ್ಷದ್ದೇ ಅಲ್ಲ. 1873ರ ತನಕ ಅದೇ ಇಸವಿ ಹಾಕಿ ಹೊಡೆದರು. 1874ರಿಂದ ಮತ್ತೆ ಆಯಾ ವರ್ಷದ ಇಸವಿ ಬಂತು. ನಡುವಿನ ವರ್ಷಗಳ ಸುಳಿವು ಸಿಗುವುದು ಹಿಂಬದಿಯ ಚುಕ್ಕೆಗಳಲ್ಲಿ. ಇಸವಿಯ ಕೆಳಗೆ ಮತ್ತು 'ಒನ್' ಎಂಬ ಪದದ ಮೇಲೆ ಹುಡುಕಿ. ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿಡಿ. ಮುಂಬದಿಯಲ್ಲಿ ರಾಣಿಯ ಎದೆಯ ಮೇಲಿನ ಬಟ್ಟೆಯ ಕಸೂತಿ ಪಟ್ಟಿ ನೋಡಿ, ಕೆಳತುದಿಯಲ್ಲಿ ಅದು ಎಷ್ಟು ಕಾಣುತ್ತದೆ ಎಂಬುದು ಅಚ್ಚಿನಿಂದ ಅಚ್ಚಿಗೆ ಬೇರೆ. ಹಿಂಬದಿಯ ಬಳ್ಳಿಯ ಮೇಲ್ಗಡೆ ಹೂವನ್ನೂ ಹೋಲಿಸಬೇಕು. ಆದರೆ ಸರಕ್ಕೆ ಕೊಂಡಿ ಬೆಸೆದ ನಾಣ್ಯದಲ್ಲಿ ಆ ಜಾಗವೇ ಹಾಳಾಗಿರುವುದು ಜಾಸ್ತಿ. ಅಂಥದ್ದರಲ್ಲಿ ಕೆಳಗಿನ ಚುಕ್ಕೆ, ಬಟ್ಟೆಯ ಪಟ್ಟಿ ಇವೆರಡನ್ನೇ ನಂಬಿ. ಕೊಂಡಿಯನ್ನು ಸುಮ್ನೆ ಕೀಳೋಕೆ ಹೋಗಬೇಡಿ.

1877ರಿಂದ 'ಕ್ವೀನ್' ಹೋಗಿ 'ಎಂಪ್ರೆಸ್' ಬಂತು. ಆ ನಾಣ್ಯಗಳಲ್ಲಿ ಮುಂಬೈ ಟಂಕಸಾಲೆಯ 'ಬಿ' ಅಕ್ಷರ ಹುಡುಕಿ. ಉಬ್ಬಿದ 'ಬಿ' ಬೇರೆ, ಕೊರೆದ 'ಬಿ' ಬೇರೆ. ಕಲ್ಕತ್ತೆಯದರಲ್ಲಿ 'ಸಿ' ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಐದನೇ ಜಾರ್ಜ್ ರೂಪಾಯಿಗೆ ಬಂದರೆ ಹಿಂಬದಿ ಕೆಳಗಿನ ಕಮಲದ ಅಡಿಯಲ್ಲಿ ಚುಕ್ಕೆ ಇದ್ದರೆ ಮುಂಬೈ. 1911ರದು ಸಿಕ್ಕರೆ ರಾಜನ ಮೈಮೇಲಿನ ಸರಪಳಿಯ ಆನೆ ನೋಡಿ. ಅದರ ಸೊಂಡಿಲು ಎಷ್ಟು ಮೊಟಕೆಂದರೆ ಜನ ಅದನ್ನು ಹಂದಿ ಎಂದರು, ಗಲಾಟೆ ಆಯಿತು, 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು. 1940ರಿಂದ 1945ರ ತನಕ ಬಂದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ಅದನ್ನು ರಾಣಿ ರೂಪಾಯಿಯ ಲೆಕ್ಕದಲ್ಲಿ ಕೊಡಲೂ ಬೇಡಿ, ಕೊಳ್ಳಲೂ ಬೇಡಿ.

ನೋಡಿದ್ದನ್ನು ಅಲ್ಲೇ ಬರೆಯಿರಿ. ಸಣ್ಣ ಕಾಗದದ ಕವರ್ ಮೇಲೆ ಇಸವಿ, ತೂಕ, ಮೇಲಿನ ಚುಕ್ಕೆ, ಕೆಳಗಿನ ಚುಕ್ಕೆ, ಅಕ್ಷರದ ಉಬ್ಬು ಅಥವಾ ತಗ್ಗು, ಇಷ್ಟು ಸಾಕು. ನಾಣ್ಯ ಒಳಗೆ ಹಾಕುವ ಮುಂಚೆಯೇ ಬರೆಯಿರಿ, ಆಮೇಲೆ ಬರೆದರೆ ಪೆನ್ನಿನ ಒತ್ತು ಬೆಳ್ಳಿಯ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಕವರ್ ಬೇಕೆಂದರೆ ಪಿವಿಸಿಯದು ಬೇಡ, ಅದು ಬೆಳ್ಳಿಯ ಮೇಲೆ ಹಸಿರು ಅಂಟು ಬಿಡುತ್ತದೆ.