ಕಾಂಟೆ ಥರ ಮಿಡ್‌ಫೀಲ್ಡ್ ಆಡೋದು ಹೇಗೆ?

ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ಸಂಜೆ ಫುಟ್‌ಬಾಲ್ ಆಡುವ ಹುಡುಗರೇ, ಎತ್ತರ ಇಲ್ಲ ಅಂತ ಸುಮ್ನೆ ಕೊರಗಬೇಡಿ. ಮಿಡ್‌ಫೀಲ್ಡ್‌ನಲ್ಲಿ, ಅಂದ್ರೆ ಮೈದಾನದ ನಡುಭಾಗದಲ್ಲಿ ಆಡುವ ಫ್ರಾನ್ಸಿನ ಎನ್‌ಗೋಲೋ ಕಾಂಟೆ ಕೂಡ ಗಿಡ್ಡನೇ ಅಲ್ವಾ? ಕೆಳಗಿನ ದರ್ಜೆಯ ಬೂಲೋನ್ ಕ್ಲಬ್‌ನಿಂದ ಮೇಲೆ ಬಂದವರು, 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಕ್ಲಬ್ ಸೇರಿ ಮರುವರ್ಷವೇ ಅಲ್ಲಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದರು, 2017ರಲ್ಲಿ ಚೆಲ್ಸಿ ಕ್ಲಬ್ ಜೊತೆ ಮತ್ತೆ ಗೆದ್ದರು, 2018ರಲ್ಲಿ ವಿಶ್ವಕಪ್!

ಮೊದಲು ಅವರ ಒಂದು ಪಂದ್ಯ ಪೂರ್ತಿ ನೋಡಿ. ಚೆಂಡನ್ನಲ್ಲ, ಅವರನ್ನಷ್ಟೇ. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡಿಕೊಳ್ಳುತ್ತಾರೆ. ಇದನ್ನೇ ರೂಢಿ ಮಾಡಿಕೊಳ್ಳಿ. ಎದುರಾಳಿಯ ಮೇಲೆ ಮುಗಿಬೀಳಬೇಡಿ, ಗಟ್ಟಿ ನೆಲದಲ್ಲಿ ಜಾರಿದರೆ ಮಂಡಿ ತರಚುತ್ತದೆ. ಸ್ವಲ್ಪ ಬಗ್ಗಿ, ಓರೆಯಾಗಿ ನಿಂತು, ಅವನು ಚೆಂಡನ್ನು ಕಾಲಿನಿಂದ ಒಂದು ಗೇಣು ಮುಂದೆ ತಳ್ಳುವವರೆಗೂ ಕಾದು, ಆಗ ಕಾಲು ಚಾಚಿ ಕಿತ್ತುಕೊಳ್ಳಿ. ಸಿಕ್ಕ ತಕ್ಷಣ ಹತ್ತಿರದವನಿಗೆ ಪಾಸ್ ಕೊಟ್ಟು ಮತ್ತೆ ಓಡಿ.