ಬೆಲ್ಜಿಯಂ ಬಿಯರಿನ ಸಿಹಿ ಹುಟ್ಟುವುದು ಎಷ್ಟು ಡಿಗ್ರಿಯಲ್ಲಿ?

ಬೆಲ್ಜಿಯಂನ ಟ್ರಿಪೆಲ್ ಎಂಬ ತಿಳಿ ಬಣ್ಣದ, ಕಡಕ್ ಬಿಯರ್ ಬಾಯಿಗೆ ಸಿಹಿ ಅನ್ನಿಸುತ್ತದೆ. ಆದರೆ ಅದರಲ್ಲಿ ಉಳಿದಿರುವ ಸಕ್ಕರೆ ಕಡಿಮೆಯೇ. ವೆಸ್ಟ್‌ಮಾಲೆ ಮಠದ ಟ್ರಿಪೆಲ್‌ನಲ್ಲಿ ಶೇ 9.5ರಷ್ಟು ಆಲ್ಕೋಹಾಲ್ ಇದೆ. ಬಹುಪಾಲು ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದ್ದಕ್ಕೇ ಅಷ್ಟು ಬಂದಿದೆ. ಸಿಹಿ ಎಂಬ ಭಾವನೆ ಕೊಡುವುದು ಯೀಸ್ಟಿನ ಹಣ್ಣಿನ ಪರಿಮಳ ಮತ್ತು ಆಲ್ಕೋಹಾಲ್.

ಯೀಸ್ಟ್ ಎಷ್ಟು ತಿನ್ನಬಹುದು ಎಂಬುದು ಅದಕ್ಕೂ ಮೊದಲೇ, ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಬಿಸಿನೀರಿನಲ್ಲಿ ನೆನೆಸುವ ಹೊತ್ತಿಗೇ ತೀರ್ಮಾನವಾಗುತ್ತದೆ. ಈ ಹಂತಕ್ಕೆ ಮ್ಯಾಶ್ ಎನ್ನುತ್ತಾರೆ. ಇದನ್ನು ಕಾರವಾರದ ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಯೀಸ್ಟ್ ಮಾತ್ರ ಹಾಕಬೇಡಿ. ಅಬಕಾರಿ ಪರವಾನಗಿ ಇಲ್ಲದೆ ನಮ್ಮ ರಾಜ್ಯದಲ್ಲಿ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಮಾಲ್ಟ್ ರಸಕ್ಕೆ ಆ ತಕರಾರಿಲ್ಲ.

ಬೇಕಾದದ್ದು ಅರ್ಧ ಕಿಲೋ ಬಾರ್ಲಿ ಮಾಲ್ಟ್, ಎರಡು ಕ್ಯಾಸರೋಲ್, ಅಡುಗೆಯ ಡಿಜಿಟಲ್ ಥರ್ಮಾಮೀಟರ್. ಜ್ವರ ನೋಡುವುದು ಇಲ್ಲಿ ಉಪಯೋಗಕ್ಕಿಲ್ಲ. ಅಂಗಡಿಯ ಬಿಳಿ ಬಾರ್ಲಿಯೂ ಆಗದು. ಪಾಲಿಶ್ ಮಾಡಿದ್ದರಿಂದ ಅದು ಮೊಳಕೆಯೊಡೆಯುವುದಿಲ್ಲ. ತಿಳಿ ಬಣ್ಣದ ಮಾಲ್ಟನ್ನೇ ತರಿಸಿ. ಕಪ್ಪಗೆ ಹುರಿದದ್ದರಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಸತ್ತಿರುತ್ತವೆ.

ಮಾಲ್ಟನ್ನು ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿ, ರವೆಯಂತೆ ತರಿತರಿ ಮಾಡಿ. ಹಿಟ್ಟಾದರೆ ಮುಂದೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ. ಕ್ಯಾಸರೋಲ್‌ಗಳಿಗೆ ಬಿಸಿನೀರು ಹಾಕಿಟ್ಟು, ಬೆಚ್ಚಗಾದ ಮೇಲೆ ಚೆಲ್ಲಿ. ಈಗ ಒಂದಕ್ಕೆ 68 ಡಿಗ್ರಿಯ, ಇನ್ನೊಂದಕ್ಕೆ 77 ಡಿಗ್ರಿಯ ಮುಕ್ಕಾಲು ಲೀಟರ್ ನೀರು ಹಾಕಿ, ತಲಾ 250 ಗ್ರಾಂ ಮಾಲ್ಟ್ ಬೆರೆಸಿ. ಕಾರವಾರದ ಸೆಕೆಯಲ್ಲಿ ಕಾಳು ಸುಮಾರು 28 ಡಿಗ್ರಿ ಇರುತ್ತದೆ. ಅದು ನೀರಿನ ಬಿಸಿಯನ್ನು ಎಳೆದುಕೊಂಡು ಮೊದಲನೆಯದು 63ಕ್ಕೆ, ಎರಡನೆಯದು 71ಕ್ಕೆ ಬಂದು ನಿಲ್ಲುತ್ತದೆ. ಶಿರಸಿಯಲ್ಲಿ ಚಳಿಗಾಲದ ಬೆಳಿಗ್ಗೆ ಮಾಡುವುದಾದರೆ ನೀರು ಒಂದೂವರೆ ಡಿಗ್ರಿ ಜಾಸ್ತಿ ಇರಲಿ. ಕಂಬಳಿ ಸುತ್ತಿ ಒಂದು ಗಂಟೆ ಬಿಡಿ.

ಒಳಗೆ ಎರಡು ಕಿಣ್ವಗಳ ಕೆಲಸ ನಡೆಯುತ್ತಿರುತ್ತದೆ. ಪಿಷ್ಟವನ್ನು ಉದ್ದದ ಅಬ್ಬಲಿಗೆ ದಂಡೆ ಅಂದುಕೊಳ್ಳಿ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡೇ ಹೂ ಕೀಳುತ್ತದೆ. ಆ ಜೋಡಿಯೇ ಮಾಲ್ಟೋಸ್, ಯೀಸ್ಟಿಗೆ ಇಷ್ಟದ ಸಕ್ಕರೆ. ಆಲ್ಫಾ ಅಮೈಲೇಸ್ ದಂಡೆಯನ್ನು ನಡುನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. 63 ಡಿಗ್ರಿಯಲ್ಲಿ ಬೀಟಾ ಚುರುಕು. 71ರಲ್ಲಿ ಅದು ಬೇಗ ಸಾಯುತ್ತದೆ, ಆಲ್ಫಾ ಮಾತ್ರ ಜೋರಾಗಿ ದುಡಿಯುತ್ತದೆ. ಆಗ ಡೆಕ್ಸ್‌ಟ್ರಿನ್ ಎಂಬ ಉದ್ದ ತುಂಡುಗಳು ಉಳಿಯುತ್ತವೆ. ಅವು ಸಾಮಾನ್ಯ ಯೀಸ್ಟಿಗೆ ದಕ್ಕುವುದಿಲ್ಲ.

ಗಂಟೆಯಾದ ಮೇಲೆ ತಟ್ಟೆಯಲ್ಲಿ ಒಂದು ಹನಿ ರಸಕ್ಕೆ ಒಂದು ಹನಿ ಅಯೋಡಿನ್ ಬಿಡಿ. ನೀಲಿಗಪ್ಪಾದರೆ ಪಿಷ್ಟ ಇನ್ನೂ ಇದೆ, ಹದಿನೈದು ನಿಮಿಷ ಕಾಯಿರಿ. ಆ ಹನಿಯನ್ನು ಚೆಲ್ಲಿಬಿಡಿ, ಕುಡಿಯುವಂಥದ್ದಲ್ಲ. ಬಣ್ಣ ಬದಲಾಗದಿದ್ದರೆ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ. ಚರಟವನ್ನು ಅಕ್ಕಚ್ಚಿಗೆ ಬೆರೆಸಿ ದನಕ್ಕೆ ಕೊಡಬಹುದು.

ಈಗ ರುಚಿ ನೋಡಿ. ಎರಡೂ ಸಿಹಿಯೇ, 63ರದ್ದು ತುಸು ಹೆಚ್ಚು. ಮಜಾ ಇರುವುದು ಇಲ್ಲೇ. ಹೆಚ್ಚು ಸಿಹಿಯಾದ ಈ ರಸವೇ ಬಿಯರ್ ಆದಾಗ ಸಪೂರ, ಒಣ ರುಚಿಯದ್ದಾಗುತ್ತದೆ. ಏಕೆಂದರೆ ಮಾಲ್ಟೋಸ್ ಪೂರ್ತಿ ಯೀಸ್ಟಿನ ಪಾಲು. 71ರ ರಸದ ಬಿಯರ್ ಬಾಯಲ್ಲಿ ದಪ್ಪಗೆ, ತುಂಬಿದಂತೆ ಇರುತ್ತದೆ. ಡೆಕ್ಸ್‌ಟ್ರಿನ್‌ಗೆ ಸ್ವಂತ ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಿಹಿ ಬೇಕೆಂದು ಸುಮ್ನೆ ಉಷ್ಣತೆ ಏರಿಸುತ್ತಾ ಹೋದರೆ ಸಿಗುವುದು ದಪ್ಪವೇ. ಟ್ರಿಪೆಲ್ ಮಾಡುವವರು ಸಾಮಾನ್ಯವಾಗಿ 63ರಿಂದ 66ರೊಳಗೆ ನಿಲ್ಲುತ್ತಾರೆ, ಮೇಲೆ ಸಕ್ಕರೆಯನ್ನೂ ಸೇರಿಸುತ್ತಾರೆ. ಅದೂ ಯೀಸ್ಟಿನ ಹೊಟ್ಟೆಗೇ. ಸಕ್ಕರೆ ಹಾಕಿದರೆ ಬಿಯರ್ ಇನ್ನೂ ಹಗುರವಾಗುತ್ತದೆ, ವಿಚಿತ್ರ ಅಲ್ವಾ?

ನಡುವೆ ಬಿಸಿ ಇಳಿದರೆ ಕುದಿನೀರು ಸ್ವಲ್ಪ ಸ್ವಲ್ಪವೇ ಸೇರಿಸಿ ಸರಿಮಾಡಬಹುದು. ಏರಿದರೆ ಕಷ್ಟ. ಸತ್ತ ಬೀಟಾ, ತಣ್ಣೀರು ಹೊಯ್ದರೂ ಏಳುವುದಿಲ್ಲ.

ರಸವನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ಫ್ರಿಜ್‌ನಲ್ಲಿಡಿ. ಏಲಕ್ಕಿ, ತುಸು ಜೋನಿಬೆಲ್ಲ ಸೇರಿಸಿದರೆ ಮಕ್ಕಳೂ ಕುಡಿಯುತ್ತಾರೆ. ಎರಡು ದಿನದೊಳಗೆ ಮುಗಿಸಿ. ಹೊರಗಿಟ್ಟು ನೊರೆ ಬಂದಿದ್ದರೆ ಚೆಲ್ಲಿಬಿಡಿ.